ಕೊಲೆಗಾರ ಯಾರು ಅಂತ ಮೊದಲೇ ಗೊತ್ತಾದರೂ ಓದಿಸಿಕೊಳ್ಳುವ ಥ್ರಿಲ್ಲರ್ ಯಾವುದಿದೆ?

ಬಸ್ಸಿನಲ್ಲಿ ಓದುವವಳು, ಹಾಸನ

ಎಲ್ಲರಿಗೂ ನಮಸ್ಕಾರ. ಮೊದಲು ನನ್ನ ಗೋಳು ಕೇಳಿ, ಆಮೇಲೆ ಪ್ರಶ್ನೆ.

ಹೋದ ವಾರ ಹಳೇ ಪುಸ್ತಕ ಮಾರುವವರ ಹತ್ತಿರ 80 ರೂಪಾಯಿ ಕೊಟ್ಟು ಒಂದು ಥ್ರಿಲ್ಲರ್ ತಂದೆ. ನಾನು ದಿನಾ ಹಾಸನದಿಂದ ಹೊಳೆನರಸೀಪುರಕ್ಕೆ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬರುವವಳು. ಸೀಟು ಸಿಕ್ಕರೆ ಅದೇ ನನ್ನ ಲೈಬ್ರರಿ. ಮೊಸಳೆಹೊಸಳ್ಳಿ ಬರುವ ಹೊತ್ತಿಗೆ 31ನೇ ಪುಟದಲ್ಲಿದ್ದೆ. ಅಲ್ಲಿ ಒಂದು ಹೆಸರಿಗೆ ಪೆನ್ಸಿಲ್‌ನಲ್ಲಿ ಸೊನ್ನೆ ಸುತ್ತಿ, ಪಕ್ಕದ ಖಾಲಿ ಜಾಗದಲ್ಲಿ ದಪ್ಪಗೆ ಬರೆದಿದೆ: ‘ಇವನೇ’. ಅಷ್ಟೇ. ಯಾವ ಪುಣ್ಯಾತ್ಮನೋ! 80 ರೂಪಾಯಿ ನೀರಿಗೆ ಹೋಯಿತು ಅಂತ ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕಿದೆ.

ಸಂಜೆ ವಾಪಸ್ ಬರುವಾಗ ಮೊಬೈಲ್ ಚಾರ್ಜ್ ಇರಲಿಲ್ಲ. ಬೇರೆ ದಾರಿ ಇಲ್ಲದೆ ಮತ್ತೆ ತೆಗೆದೆ. ನೋಡಿದರೆ ಮೊದಲಿಗಿಂತ ಜಾಸ್ತಿ ಭಯ ಆಗುತ್ತಿದೆ! ಆ ಮನುಷ್ಯ ಯಾರಿಗೋ ಟೀ ಸುರಿದು ಕೊಟ್ಟರೂ ನನಗೆ ಎದೆ ಢವಢವ. ಅವನು ಸುಮ್ನೆ ಬಾಗಿಲು ಹಾಕಿಕೊಂಡ ಅಂತ ಒಂದು ಸಾಲು ಬಂದರೆ ಅದನ್ನೇ ಎರಡು ಸಲ ಓದುತ್ತೇನೆ. ಪುಸ್ತಕದ ಹೆಸರು ಹೇಳುವುದಿಲ್ಲ, ನಿಮ್ಮಲ್ಲಿ ಯಾರಾದರೂ ಓದುವವರಿದ್ದರೆ ಆಮೇಲೆ ನಾನೇ ಆ ಪೆನ್ಸಿಲ್ ಆಗಿಬಿಡುತ್ತೇನೆ. ಇನ್ನೂ ಅರ್ಧ ಬಾಕಿ ಇದೆ.

ಅಲ್ಲಿಂದ ಒಂದು ಯೋಚನೆ ಹತ್ತಿಕೊಂಡಿದೆ. ಈಚೆಗೆ ಓದಿದ್ದನ್ನೆಲ್ಲ ಮತ್ತೆ ನೆನಪು ಮಾಡಿಕೊಂಡೆ. ‘ದಿ ಸೈಲೆಂಟ್ ಪೇಷೆಂಟ್’ ಎರಡು ದಿನದಲ್ಲಿ ಮುಗಿಸಿದೆ. ಚಿತ್ರ ಬರೆಯುವ ಹೆಂಗಸು ಗಂಡನಿಗೆ ಐದು ಗುಂಡು ಹೊಡೆದು ಆಮೇಲೆ ಒಂದೂ ಮಾತಾಡುವುದಿಲ್ಲ ಅನ್ನುವ ಶುರುವೇ ಸಾಕು ಕೂರಿಸಲಿಕ್ಕೆ. ಕೊನೆಯ ತಿರುವು ಬಂದಾಗ ‘ಅಯ್ಯೋ’ ಅಂತ ಬಾಯಿ ಬಿಟ್ಟು ಅಂದೆ, ಪಕ್ಕದ ಸೀಟಿನ ಅಜ್ಜಿ ‘ಏನಾಯ್ತವ್ವಾ’ ಅಂದರು. ಆದರೆ ಒಂದು ವಾರ ಆದಮೇಲೆ ಆ ಡಾಕ್ಟರ ಮುಖ ಸಹ ನನಗೆ ನೆನಪಿಲ್ಲ. ತಿರುವೊಂದೇ ಉಳಿದಿದೆ, ಮಾವಿನಹಣ್ಣು ತಿಂದಮೇಲೆ ಓಟೆ ಉಳಿದ ಹಾಗೆ.

‘ಗಾನ್ ಗರ್ಲ್’ ಹಾಗಲ್ಲ. ಅದರಲ್ಲೂ ತಿರುವಿದೆ, ಅದೂ ಪುಸ್ತಕದ ಅರ್ಧದಲ್ಲೇ. ಆದರೆ ಆ ಗಂಡ ಹೆಂಡತಿ ಒಬ್ಬರಿಗಿಂತ ಒಬ್ಬರು ಹೆಚ್ಚಿನವರು. ಇಬ್ಬರೂ ಬೇಡ ಅನ್ನಿಸುತ್ತದೆ, ಇಬ್ಬರೂ ಎಲ್ಲೋ ನೋಡಿದವರು ಅನ್ನಿಸುತ್ತದೆ. ಮದುವೆ ಅನ್ನುವುದೇ ಹೆದರಿಕೆ ಹುಟ್ಟಿಸುವ ಹಾಗೆ ಬರೆದಿದ್ದಾರೆ. (ನಮ್ಮ ಅಮ್ಮ ಗಂಡು ನೋಡುತ್ತಿರುವ ಟೈಮಲ್ಲಿ ಓದಬಾರದಿತ್ತು.)

ಹಿಗಾಶಿನೊ ಅವರ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’ನಲ್ಲಂತೂ ಶುರುವಿನಲ್ಲೇ ಕೊಲೆ ನಮ್ಮ ಕಣ್ಣೆದುರೇ ಆಗುತ್ತದೆ. ಯಾರು ಮಾಡಿದರು, ಯಾಕೆ ಮಾಡಿದರು ಎಲ್ಲ ಗೊತ್ತು. ಪಕ್ಕದ ಮನೆಯ ಗಣಿತದ ಮೇಷ್ಟ್ರು ಅದನ್ನು ಮುಚ್ಚಿಹಾಕಲು ನಿಲ್ಲುತ್ತಾನೆ. ಆಮೇಲೆ 300 ಪುಟ ಉಸಿರು ಬಿಗಿಹಿಡಿದು ಓದಿದೆ. ಇನ್ನು 1971ರ ‘ದಿ ಡೇ ಆಫ್ ದಿ ಜಾಕಲ್’ ನಮ್ಮ ಮಾವನ ಕಪಾಟಿನದ್ದು. ಫ್ರಾನ್ಸಿನ ಅಧ್ಯಕ್ಷ ದಿಗಾಲ್ ಅವರನ್ನು ಕೊಲ್ಲಲು ಒಬ್ಬ ಹೊರಡುತ್ತಾನೆ. ದಿಗಾಲ್ ಗುಂಡೇಟಿನಿಂದ ಸಾಯಲಿಲ್ಲ, 1970ರಲ್ಲಿ ಮನೆಯಲ್ಲೇ ತೀರಿಕೊಂಡರು ಅಂತ ಪುಸ್ತಕ ಬಂದ ದಿನವೇ ಓದುಗರಿಗೆಲ್ಲ ಗೊತ್ತಿತ್ತು. ಅಂದರೆ ಕೊನೆ ಏನು ಅಂತ ಮುಖಪುಟ ನೋಡುವಾಗಲೇ ಗೊತ್ತು. ಆದರೂ ಆ ಮನುಷ್ಯ ಎಳೆಯ ವಯಸ್ಸಲ್ಲೇ ಸತ್ತ ಮಗುವೊಂದರ ಜನನ ಪತ್ರ ತೆಗೆಸಿ ಅದೇ ಹೆಸರಲ್ಲಿ ಪಾಸ್‌ಪೋರ್ಟ್ ಮಾಡಿಸುವ ಕಡೆ ನಾನು ಸ್ಟಾಪ್ ದಾಟಿಹೋದೆ. ಕಂಡಕ್ಟರ್ ಬೈದರು.

ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಮಾತ್ರ ಥ್ರಿಲ್ಲರ್ ಅಂತ ಯಾರೂ ಕರೆಯದ ‘ಘಾಚರ್ ಘೋಚರ್’. ವಿವೇಕ ಶಾನಭಾಗರದ್ದು. ನೂರು ಚಿಲ್ಲರೆ ಪುಟ. ಮನೆಗೆ ಇರುವೆ ಬರುತ್ತವೆ, ದುಡ್ಡು ಬರುತ್ತದೆ, ಬಾಗಿಲಿಗೆ ಬಂದ ಒಬ್ಬ ಹೆಂಗಸನ್ನು ಮನೆಯ ಹೆಂಗಸರೆಲ್ಲ ಸೇರಿ ಬೈದು ಓಡಿಸುತ್ತಾರೆ. ಅಷ್ಟೇ ಆಗುವುದು. ಕೊನೆಯ ಪುಟಕ್ಕೆ ಬಂದಾಗ ನನ್ನ ಕೈ ತಣ್ಣಗಾಗಿತ್ತು.

ಈಗ ಪ್ರಶ್ನೆ. ಕೊನೆ ಗೊತ್ತಿದ್ದರೂ ಬಿಡದೆ ಓದಿಸುವ ಇಂಥ ಪುಸ್ತಕ ಬೇರೆ ಯಾವುದಿವೆ? ಕನ್ನಡದ್ದೇ ಆದರೆ ಒಳ್ಳೆಯದು. ಮತ್ತೆ, ಟ್ವಿಸ್ಟ್ ಅಂದರೆ ಬೇಜಾರಾಗುವುದು ನನಗೊಬ್ಬಳಿಗೇನಾ?

ಕಣದ ಕಾವಲು, ಮೂಡಿಗೆರೆ ಕಡೆ

ಮನೆ ಪಕ್ಕದಲ್ಲಿ ಹೊಳೆ ಇಟ್ಟುಕೊಂಡು ನೀರಿಗೆ ಊರು ಸುತ್ತುತ್ತಿದ್ದೀರಲ್ಲ ಮಾರಾಯ್ರೇ. ತೇಜಸ್ವಿಯವರ ‘ಜುಗಾರಿ ಕ್ರಾಸ್’ ಓದಿಲ್ವಾ?

ನಾನು ಅದನ್ನು ಆರು ಸಲ ಓದಿದ್ದೇನೆ. ಕೊನೆ ಬಾಯಿಪಾಠ. ಸುರೇಶ, ಗೌರಿ ಇಬ್ಬರೂ ಏಲಕ್ಕಿ ಮಾರಲು ಹೊರಡುತ್ತಾರೆ, ಒಂದು ದಿನದೊಳಗೆ ಎಲ್ಲ ಮುಗಿದುಹೋಗುತ್ತದೆ. ನಡುವೆ ಒಂದು ಹಳೇ ಕಾವ್ಯ, ಅದರೊಳಗೊಂದು ಒಗಟು, ಕೆಂಪು ಕಲ್ಲು, ರೈಲು, ದುಡ್ಡಿಗೆ ಬಾಯಿಬಿಡುವ ಜನ. ಹೊರಗಿನವರಿಗೆ ಅದು ನಿಧಿಯ ಕಥೆ. ನಮಗೆ ಹಾಗಲ್ಲ. ಏಲಕ್ಕಿ ಮೂಟೆ ಹೊತ್ತುಕೊಂಡು ವ್ಯಾಪಾರಿ ಮುಂದೆ ನಿಂತವರಿಗೆ ಮಾತ್ರ ಆ ಮೊದಲ ಪುಟಗಳ ಭಯ ಗೊತ್ತಾಗುತ್ತದೆ. ನಮ್ಮಜ್ಜ ಮಾರಲು ಹೋದಾಗ ನಾನೂ ಹೋಗಿದ್ದೆ, ಏಳೆಂಟು ವರ್ಷದವನು. ವ್ಯಾಪಾರಿ ಮೂಟೆಯೊಳಗೆ ಕೈ ಹಾಕಿ ಒಂದು ಹಿಡಿ ತೆಗೆದ, ಅಂಗೈ ಮೇಲೆ ಬೆರಳಲ್ಲಿ ಹರಡಿದ, ಒಂದನ್ನು ಸುಲಿದು ಕಾಳು ಬಾಯಿಗೆ ಹಾಕಿಕೊಂಡ. ಒಂದು ಮಾತಿಲ್ಲ. ಅಜ್ಜನೂ ಮಾತಾಡಲಿಲ್ಲ. ಒಂದು ವರ್ಷದ ಮನೆ ಖರ್ಚು ಆ ಮನುಷ್ಯನ ಬಾಯೊಳಗೆ ಅಗಿಯುತ್ತಾ ಇತ್ತು. ಅದಕ್ಕಿಂತ ಸಸ್ಪೆನ್ಸ್ ಬೇಕಾ ನಿಮಗೆ?

ಅದಾದಮೇಲೆ ‘ಚಿದಂಬರ ರಹಸ್ಯ’. 1985ರದ್ದು, 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು. ಪ್ರಶಸ್ತಿ ಬಂದ ಪುಸ್ತಕ ಬೋರು ಅಂದುಕೊಂಡು ನಾನು ಕಾಲೇಜಲ್ಲಿ ಮುಟ್ಟಿರಲಿಲ್ಲ, ಪೆದ್ದ ನಾನು. ಕೆಸರೂರಲ್ಲಿ ಏಲಕ್ಕಿ ಸಂಶೋಧನೆ ಮಾಡುತ್ತಿದ್ದ ಜೋಗಿಹಾಳ್ ಸತ್ತಿದ್ದಾರೆ, ಕೊಲೆಯೋ ಏನೋ ಅಂತ ನೋಡಲು ಅಂಗಾಡಿ ಬರುತ್ತಾನೆ. ಅತ್ತ ಕೃಷ್ಣೇಗೌಡರ ಮನೆ ಮೇಲೆ ಎಲ್ಲಿಂದಲೋ ಕಲ್ಲು ಬೀಳುತ್ತಿದೆ. ಪತ್ತೇದಾರಿ ಕಾದಂಬರಿಯ ಸಾಮಾನೆಲ್ಲ ಇದೆ. ಆದರೆ ಓದುತ್ತಾ ಓದುತ್ತಾ ಕೊಲೆಗಾರ ಯಾರು ಅನ್ನುವುದನ್ನೇ ಮರೆತುಬಿಡುತ್ತೇವೆ. ಊರಿಗೆ ಊರೇ ಏನಾಗುತ್ತಿದೆ ಅನ್ನುವುದು ಮುಖ್ಯ ಆಗಿಬಿಡುತ್ತದೆ. ನಕ್ಕು ನಕ್ಕು ಸಾಕಾಗುವಾಗ ಹಿಂದೆ ಹೊಗೆ ಏಳುತ್ತಿರುತ್ತದೆ. ನಮ್ಮ ಮನೆಯ ಏಲಕ್ಕಿ ಕಟ್ಟೆ ರೋಗಕ್ಕೆ ಹೋಗಿ ಆ ಜಾಗದಲ್ಲೀಗ ರೊಬಸ್ಟಾ ಕಾಫಿ ಇದೆ. ಆ ಪುಸ್ತಕ ಓದುವಾಗ ನನಗೆ ಸುಮ್ನೆ ನಗು ಬರುವುದಿಲ್ಲ.

‘ಕರ್ವಾಲೊ’ ಸಹ ನನ್ನ ಲೆಕ್ಕದಲ್ಲಿ ಥ್ರಿಲ್ಲರೇ. ಓಡಿಸಿಕೊಂಡು ಹೋಗುವುದು ಕೊಲೆಗಾರನ ಬದಲು ಒಂದು ಹಾರುವ ಓತಿ, ಅಷ್ಟೇ ವ್ಯತ್ಯಾಸ. ಈ ಮಾತಿಗೆ ಜಗಳ ಆಡುವವರು ಆಡಿ. ಕಾಫಿ ಕೊಯ್ಲು ಮುಗಿಯಲಿ, ಆಮೇಲೆ ಉತ್ತರ ಕೊಡುತ್ತೇನೆ.

ರಾತ್ರಿಪಾಳಿ, ಚಿಕ್ಕಮಗಳೂರು

ಅಕ್ಕ, ಟ್ವಿಸ್ಟ್‌ಗೆ ಸುಮ್ನೆ ಬೈಬೇಡಿ. ನನ್ನಂಥವರ ಹೊಟ್ಟೆ ತುಂಬುವುದೇ ಅದರಿಂದ.

ನಾನು ಕೆಲಸ ಮಾಡುವುದು ರಾತ್ರಿ. ಎರಡು ಗಂಟೆಯಿಂದ ನಾಲ್ಕರವರೆಗೆ ಒಂದು ಫೋನೂ ಬರುವುದಿಲ್ಲ. ಆಗ ನನ್ನನ್ನು ಎಚ್ಚರ ಇಡುವುದು ಬರೀ ಕಾಫಿಯಿಂದ ಆಗುವ ಕೆಲಸ ಅಲ್ಲ, ಇಲ್ಲಿ ಎಷ್ಟು ಒಳ್ಳೆ ಕಾಫಿ ಸಿಕ್ಕರೂ. ಒಳ್ಳೆಯ ಟ್ವಿಸ್ಟ್ ಅಂದರೆ ಮೋಸ ಅಲ್ಲ, ಪಂದ್ಯ. ಬರೆಯುವವನು ಎಲೆಗಳನ್ನೆಲ್ಲ ಮೇಜಿನ ಮೇಲೆ ತೆರೆದೇ ಇಟ್ಟಿರಬೇಕು, ನಾವು ನೋಡಿಯೂ ನೋಡದೆ ಸೋಲಬೇಕು. ಇದಕ್ಕೆ ನಿಯಮಾನೇ ಇತ್ತು ಗೊತ್ತಾ. ರೊನಾಲ್ಡ್ ನಾಕ್ಸ್ ಅಂತ ಒಬ್ಬ ಪಾದ್ರಿ, ಪತ್ತೇದಾರಿ ಕಾದಂಬರಿಯನ್ನೂ ಬರೆಯುತ್ತಿದ್ದವರು, 1929ರಲ್ಲಿ ಹತ್ತು ಕಟ್ಟಳೆ ಬರೆದಿಟ್ಟರು. ಕಥೆಯಲ್ಲಿ ಗುಪ್ತ ದಾರಿ ಒಂದಕ್ಕಿಂತ ಹೆಚ್ಚು ಇರಕೂಡದು, ಪತ್ತೇದಾರನೇ ಅಪರಾಧಿ ಆಗಕೂಡದು, ದೆವ್ವ ಭೂತ ತರಕೂಡದು ಅಂತೆಲ್ಲ. ಓದುಗನಿಗೆ ಅನ್ಯಾಯ ಆಗಬಾರದು ಅನ್ನುವುದು ಅದರ ಸಾರ. ಅಗಾಥಾ ಕ್ರಿಸ್ಟಿ ಅದಕ್ಕೂ ಮೂರು ವರ್ಷ ಮೊದಲೇ, 1926ರಲ್ಲಿ, ‘ರೋಜರ್ ಆಕ್ರಾಯ್ಡ್’ ಬರೆದು ಓದುಗರನ್ನು ಎರಡು ಪಕ್ಷ ಮಾಡಿಬಿಟ್ಟಿದ್ದರು. ಇದು ಮೋಸ ಅಂತ ಕೆಲವರು, ಇಲ್ಲ ಎಲ್ಲ ಕಣ್ಣೆದುರೇ ಇತ್ತು ಅಂತ ಕೆಲವರು. ನಾನು ಎರಡನೇ ಪಕ್ಷ. ಮುಗಿದ ಕೂಡಲೇ ಮೊದಲ ಪುಟಕ್ಕೆ ವಾಪಸ್ ಹೋಗಿ ಓದಿದೆ. ಪ್ರತಿ ಸಾಲೂ ಸತ್ಯವೇ ಹೇಳಿತ್ತು. ನಾನೇ ಕುರುಡ.

ಅಂದರೆ ಕೊನೆ ಗೊತ್ತಿದ್ದು ಓದುವ ಮಜಾ ಅಲ್ಲೂ ಇದೆ, ಎರಡನೇ ಓದಿಗೆ ಇಟ್ಟಿದ್ದಾರೆ ಅಷ್ಟೇ. ನೀವು ಹೇಳಿದ ‘ಸೈಲೆಂಟ್ ಪೇಷೆಂಟ್’ ಎರಡನೇ ಸಲ ಓದಿದಾಗ ನನಗೂ ಸಪ್ಪೆ ಅನ್ನಿಸಿತು, ಅದನ್ನು ಒಪ್ಪುತ್ತೇನೆ. ಅದಕ್ಕೆ ಟ್ವಿಸ್ಟ್‌ನ ತಪ್ಪು ಅನ್ನಬೇಡಿ, ಉಳಿದ ಅಡುಗೆಗೆ ಉಪ್ಪು ಕಡಿಮೆ ಆಗಿದೆ ಅನ್ನಿ.

ಕನ್ನಡದಲ್ಲಿ ಈಗಿನವರನ್ನೂ ನೋಡಿ. ಅನುಷ್ ಶೆಟ್ಟಿ ಅವರ ‘ಆಹುತಿ’, ‘ಹುಲಿ ಪತ್ರಿಕೆ’ ಇವೆ. ನಾನು ರಾತ್ರಿ ಓದಲು ಶುರುಮಾಡಿದ್ದು ಅವರಿಂದಲೇ. ಭಾಷೆ ಸಲೀಸು, ಪುಟ ತಾನಾಗಿ ತಿರುಗುತ್ತದೆ. ಕನ್ನಡ ಪುಸ್ತಕ ಅಂದರೆ ದೂರ ಓಡುತ್ತಿದ್ದ ನನ್ನ ರೂಂಮೇಟ್ ಕೂಡ ಕಿತ್ತುಕೊಂಡು ಓದಿದ.

ಎರಡೇ ಮಾತು

ಗಾನ್ ಗರ್ಲ್‌ನಲ್ಲಿ ಕೊನೆಗೆ ಅವಳೇ
[ಈ ಸಾಲನ್ನು ಅಳಿಸಲಾಗಿದೆ]

ರಾತ್ರಿಪಾಳಿ, ಚಿಕ್ಕಮಗಳೂರು

ಗುರುವೇ, ಇಷ್ಟುದ್ದ ಚರ್ಚೆ ಆಗುತ್ತಿರುವುದೇ ಪೆನ್ಸಿಲ್‌ನವರ ಮೇಲೆ. ನೀನು ಮಾರ್ಕರ್ ಪೆನ್ ಹಿಡ್ಕೊಂಡು ಬಂದ್ಯಲ್ಲ.

ಹಳೇ ಮೇಷ್ಟ್ರು, ಅರಸೀಕೆರೆ

ಪೆನ್ಸಿಲ್ ವಿಷಯ ಬಂದಿದ್ದರಿಂದ ಬಾಯಿ ಬಿಡುತ್ತಿದ್ದೇನೆ. ಪಾಪ ತೊಳೆದುಕೊಂಡ ಹಾಗೂ ಆಗುತ್ತದೆ.

ನಾವು ಹುಡುಗರಾಗಿದ್ದಾಗ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳ ಕಾಲ. ಪತ್ತೇದಾರ ಪುರುಷೋತ್ತಮ, ಮಧುಸೂದನ, ಅರಿಂಜಯ. ಅವರು ಬರೆದದ್ದು ಐನೂರಕ್ಕೂ ಹೆಚ್ಚು. ಒಂದೊಂದೂ ಅಂಗೈ ಅಗಲದ ಪುಸ್ತಕ, ರಟ್ಟಿನ ಮೇಲೆ ಪಿಸ್ತೂಲು ಹಿಡಿದ ಕೈ ಅಥವಾ ಕಿರುಚುವ ಹೆಂಗಸು. ಬಾಡಿಗೆ ಲೈಬ್ರರಿಯಲ್ಲಿ ದಿನದ ಲೆಕ್ಕಕ್ಕೆ ಚಿಲ್ಲರೆ ಕಾಸು ಕೊಟ್ಟು ತರುತ್ತಿದ್ದೆವು. ಮನೆಯಲ್ಲಿ ಕಂಡರೆ ಏಟು. ಹಾಗಾಗಿ ಸಮಾಜದ ಪಠ್ಯಪುಸ್ತಕದ ಒಳಗಿಟ್ಟು ಓದುವುದು. ಅಕ್ಬರನ ಆಡಳಿತದ ಮಧ್ಯೆ ಎಷ್ಟು ಕೊಲೆ ಆಗಿಹೋದವೋ ಲೆಕ್ಕ ಇಲ್ಲ. ಸಾಹಿತ್ಯ ಅಂತ ದೊಡ್ಡವರು ಅದನ್ನು ಒಪ್ಪಲಿಲ್ಲ, ಆದರೆ ಓದುವ ಚಟ ನಮಗೆ ಅಂಟಿದ್ದೇ ಅಲ್ಲಿಂದ. ಮುಂದೆ ಭೈರಪ್ಪ, ಕಾರಂತ ಎಲ್ಲ ಓದಿದೆವು ಅಂದರೆ ಅದಕ್ಕೆ ಗಾಲಿ ಹಾಕಿದ್ದು ಪುರುಷೋತ್ತಮನೇ.

ಈಗ ಪಾಪದ ವಿಷಯ. ಹಾಸ್ಟೆಲ್‌ನಲ್ಲಿ ನಾನು ಮತ್ತು ನನ್ನ ಗೆಳೆಯ ಇದನ್ನೇ ಮಾಡುತ್ತಿದ್ದೆವು. ಓದಿ ಮುಗಿಸಿ ವಾಪಸ್ ಕೊಡುವ ಮೊದಲು ಒಂದು ಹೆಸರಿಗೆ ಸುತ್ತು ಹಾಕಿ ‘ಇವನೇ ಕೊಲೆಗಾರ’ ಅಂತ ಬರೆಯುವುದು. ಆದರೆ ನಿಜವಾದ ಹೆಸರಿಗಲ್ಲ! ಬೇಕೆಂತಲೇ ತಪ್ಪು ಹೆಸರಿಗೆ. ಮುಂದೆ ಓದುವವನು ಇಡೀ ಪುಸ್ತಕ ಆ ಪಾಪದ ಮನುಷ್ಯನ ಮೇಲೇ ಕಣ್ಣಿಟ್ಟು ಕೊನೆಗೆ ಮೋಸ ಹೋಗಬೇಕು. ಒಂದು ಸಲ ಕಥೆಯಲ್ಲಿ ಬರೀ ಎರಡು ಸಲ ಬರುವ ಹಾಲಿನವನಿಗೆ ಸುತ್ತು ಹಾಕಿದ್ದೆವು. ಅದನ್ನು ಓದಿದ ನಮ್ಮ ವಾರ್ಡನ್ ಎರಡು ದಿನ ತಲೆ ಕೆರೆದುಕೊಂಡು ಓಡಾಡಿದರು. ಆದ್ದರಿಂದ ತಂಗೀ, ಆ ‘ಇವನೇ’ಯನ್ನು ಅಷ್ಟು ಸುಲಭವಾಗಿ ನಂಬಬೇಡಮ್ಮ.

ನಿಮ್ಮ ಪ್ರಶ್ನೆಗೆ ಉತ್ತರ: ಬೇಟೆ ಕಥೆ ಓದಿ. ಕೆನೆತ್ ಆಂಡರ್‌ಸನ್. ಕಥೆ ಹೇಳುತ್ತಿರುವವನು ಬದುಕಿದ್ದಾನೆ, ಬದುಕಿದ್ದರಿಂದಲೇ ಬರೆದಿದ್ದಾನೆ, ಪ್ರಾಣಿ ಸತ್ತಿದೆ, ಮೊದಲ ಸಾಲಿಗೇ ಎಲ್ಲ ಗೊತ್ತು. ಆದರೂ ಕತ್ತಲಲ್ಲಿ ಒಂದು ಒಣಗಿದ ಎಲೆ ಮುರಿದ ಸದ್ದು ಬಂದರೆ ನಾವು ಕಾಲು ಮೇಲೆತ್ತಿ ಕೂರುತ್ತೇವೆ. ಕನ್ನಡದಲ್ಲಿ ತೇಜಸ್ವಿಯವರೇ ‘ಕಾಡಿನ ಕತೆಗಳು’ ಅಂತ ನಾಲ್ಕು ಭಾಗ ಮಾಡಿ ಕೊಟ್ಟಿದ್ದಾರೆ. ಅದು ಅನುವಾದ ಅಂತ ಅನ್ನಿಸುವುದೇ ಇಲ್ಲ.

ಇನ್ನೊಂದು ನಮ್ಮೂರಿನ ಹೆಮ್ಮೆಯೋ ಗ್ರಹಚಾರವೋ ಗೊತ್ತಿಲ್ಲದ ವಿಷಯ. ಆಂಡರ್‌ಸನ್ 1957ರ ಒಂದು ಪುಸ್ತಕದಲ್ಲಿ ಒಂದು ಕರಡಿಯ ಕಥೆ ಬರೆದಿದ್ದಾರೆ. ಅದು ನಡೆದದ್ದು ನಮ್ಮ ಅರಸೀಕೆರೆ ಪಕ್ಕದ ಗುಡ್ಡಗಳಲ್ಲಿ. ಕನಿಷ್ಠ 12 ಜನರನ್ನು ಕೊಂದ ಕರಡಿ. ಹುಲಿ, ಚಿರತೆ ಅಂದರೆ ಎಲ್ಲರಿಗೂ ಭಯ. ಆದರೆ ಕರಡಿ ಮುಖಕ್ಕೇ ಕೈ ಹಾಕುತ್ತದೆ, ಬದುಕಿ ಉಳಿದವರಿಗೂ ಕಣ್ಣು ಮೂಗು ಉಳಿಯುವುದಿಲ್ಲ. ಗುಡ್ಡದ ಕೆಳಗೆ ದರ್ಗಾ ನೋಡಿಕೊಂಡಿದ್ದ ಆಲಂ ಬಕ್ಷ್ ಎಂಬ ಮುದುಕನ ಮಗನನ್ನು ಅದು ಕೊಂದಿತ್ತು. ಆಂಡರ್‌ಸನ್ ಬರುವುದೇ ಆ ಸ್ನೇಹಿತನಿಗಾಗಿ. ನಾನು ಮೇಷ್ಟ್ರಾಗಿದ್ದಾಗ ಮಳೆ ಬಂದು ಆಟದ ಪೀರಿಯಡ್ ಇಲ್ಲದ ದಿನ ಇದನ್ನು ಬಾಯಲ್ಲಿ ಹೇಳುತ್ತಿದ್ದೆ. ‘ಕೊನೆಗೆ ಕರಡಿ ಸಾಯುತ್ತೆ’ ಅಂತ ಮೊದಲೇ ಹೇಳಿಯೇ ಶುರುಮಾಡುತ್ತಿದ್ದೆ. ಆದರೂ ಹಿಂದಿನ ಬೆಂಚಿನ ಹುಡುಗರು ಮುಂದಕ್ಕೆ ಬಂದು ಕೂರುತ್ತಿದ್ದರು, ಕಿಟಕಿ ಪಕ್ಕ ಯಾರೂ ಕೂರುತ್ತಿರಲಿಲ್ಲ.

ಜೋಳದ ಹೊಲ, ಹಳೇಬೀಡು

ಮೇಷ್ಟ್ರು ಅರಸೀಕೆರೆ ಅಂದಮೇಲೆ ನಾನು ಸುಮ್ಮನಿರಲು ಆಗುತ್ತಾ. ನಮ್ಮೂರೂ ಒಂದು ಥ್ರಿಲ್ಲರ್‌ನ ಕಥೆಗೆ ಬೇರು.

ಕೆ.ಎನ್. ಗಣೇಶಯ್ಯ ಅವರ ‘ಕನಕ ಮುಸುಕು’. ಅವರು ಕೃಷಿ ವಿಜ್ಞಾನಿ, ಹಾಗಾಗಿ ಅವರ ಕಾದಂಬರಿಯಲ್ಲಿ ಗಿಡ, ಬೀಜ, ಶಾಸನ ಎಲ್ಲ ಸುಳಿವಾಗಿ ಬರುತ್ತವೆ. ಇದರಲ್ಲಿ ಸುಳಿವು ಮುಸುಕಿನ ಜೋಳ. ಹೊಯ್ಸಳರ ದೇವಸ್ಥಾನಗಳಲ್ಲಿ ಕೆಲವು ವಿಗ್ರಹಗಳ ಕೈಯಲ್ಲಿ ತೆನೆಯ ಹಾಗೆ ಒಂದು ವಸ್ತು ಇದೆ, ಸಾಲು ಸಾಲು ಕಾಳು ಜೋಡಿಸಿದ ಹಾಗೆ. ಮುಸುಕಿನ ಜೋಳ ಹುಟ್ಟಿದ್ದು ಅಮೆರಿಕದಲ್ಲಿ. ಕೊಲಂಬಸ್ ಅಲ್ಲಿಗೆ ಹೋದದ್ದು 1492. ನಮ್ಮ ದೇವಸ್ಥಾನಗಳು ಹನ್ನೆರಡು, ಹದಿಮೂರನೇ ಶತಮಾನದವು. ಹಾಗಾದರೆ ಶಿಲ್ಪಿ ನೋಡಿದ್ದೇನು? ಇದು ಬರೀ ಕಾದಂಬರಿಕಾರರ ಕಲ್ಪನೆ ಅಲ್ಲ. 1989ರಲ್ಲಿ ಜೊಹಾನೆಸನ್ ಮತ್ತು ಪಾರ್ಕರ್ ಅಂತ ಇಬ್ಬರು ಇದು ಜೋಳದ ತೆನೆಯೇ ಅಂತ ಲೇಖನ ಬರೆದರು. ಅದಕ್ಕೆ ನಮ್ಮ ದೇಶದ ಜೋಳದ ವಿಜ್ಞಾನಿಗಳಾದ ಪಾಯಕ್ ಮತ್ತು ಸಚನ್, ಇಲ್ಲ ಅದು ಜೋಳ ಅಲ್ಲ, ಮುತ್ತು ಕೂಡಿಸಿದ ಕಲ್ಪನೆಯ ಹಣ್ಣು, ಮುಕ್ತಾಫಲ ಅಂತ ಉತ್ತರ ಕೊಟ್ಟರು.

ನನಗೆ ಇದು ಚಿಕ್ಕಂದಿನ ಆಟ. ನಮ್ಮ ಹೊಲದಲ್ಲಿ ಜೋಳವೇ ಬೆಳೆಯುವುದು. ಒಂದು ಸಲ ಎಳೇ ತೆನೆ ಒಂದು ಕಿತ್ತುಕೊಂಡು ಹೋಗಿ ಹೊಯ್ಸಳೇಶ್ವರ ಗುಡಿಯ ಹೊರಗೋಡೆ ಪಕ್ಕ ಹಿಡಿದು ನೋಡಿದ್ದೆ. ತೆನೆಯಲ್ಲಿ ಕಾಳು ನೆಟ್ಟಗೆ ಸಾಲಾಗಿ ನಿಲ್ಲುತ್ತದೆ, ಮೇಲೆ ಸಿಪ್ಪೆ, ತುದಿಗೆ ರೇಷ್ಮೆ ನೂಲಿನಂಥ ಕೂದಲು. ಕಲ್ಲಲ್ಲಿ ಕಾಳು ಗುಂಡಗೆ, ಮಣಿ ಪೋಣಿಸಿದ ಹಾಗೆ. ನನ್ನ ಕಣ್ಣಿಗೆ ಜೋಳ ಅನ್ನಿಸಲಿಲ್ಲ. ಅಪ್ಪನ ಕಣ್ಣಿಗೆ ಜೋಳವೇ. ‘ಇಷ್ಟು ವರ್ಷ ಜೋಳ ಸುಲಿದಿದೀನಿ, ನಂಗ್ ಗೊತ್ತಾಗಲ್ವೇನೋ’ ಅಂದರು. ಈ ಜಗಳ ಮನೆಯಲ್ಲಿ ಈಗಲೂ ನಡೆಯುತ್ತಿದೆ.

ಕಾದಂಬರಿ ಬಗ್ಗೆ ನೇರ ಅಭಿಪ್ರಾಯ ಬೇಕಾ? ವಿಷಯ ಬಂಗಾರ. ಪಾತ್ರಗಳು ಮಾತ್ರ ಕೆಲವು ಕಡೆ ಮಾತಾಡುವುದು ಬಿಟ್ಟು ಪಾಠ ಮಾಡುತ್ತವೆ. ಒಬ್ಬ ಕೇಳುತ್ತಾನೆ, ಇನ್ನೊಬ್ಬ ಎರಡು ಪುಟ ವಿವರಿಸುತ್ತಾನೆ, ಅಷ್ಟು ಹೊತ್ತು ಅಪಾಯ ಹೊರಗೆ ಕಾಯುತ್ತಾ ನಿಂತಿರುತ್ತದೆ. ಆದರೂ ಅವರ ‘ಕರಿಸಿರಿಯಾನ’ವನ್ನು ಒಂದೇ ದಿನಕ್ಕೆ ಓದಿದೆ. 1565ರ ಯುದ್ಧ ಸೋತಮೇಲೆ ವಿಜಯನಗರದ ಸಂಪತ್ತನ್ನು ಆನೆಗಳ ಮೇಲೆ ಹೇರಿಕೊಂಡು ಹೋದರಲ್ಲ, ಅದು ಎಲ್ಲಿಗೆ ಹೋಯಿತು ಅನ್ನುವ ಹುಡುಕಾಟ. ಇತಿಹಾಸದ ಕೊನೆ ಎಲ್ಲರಿಗೂ ಗೊತ್ತು, ಆದರೂ ಓದಿಸುತ್ತದೆ. ಅಕ್ಕ ಕೇಳಿದ್ದಕ್ಕೆ ಇದೂ ಹೊಂದುತ್ತದೆ ಅಲ್ವಾ?

ಕಣದ ಕಾವಲು, ಮೂಡಿಗೆರೆ ಕಡೆ

ನಿಮ್ಮ ಅಪ್ಪನ ಪರ ನನ್ನದೊಂದು ಓಟು.

ಘಾಟಿ ಮಳೆ, ಸಕಲೇಶಪುರ

ಗಂಡಸರೆಲ್ಲ ನಿಧಿ, ಕರಡಿ, ಕೊಲೆ ಅಂತ ಓಡಿದಿರಿ. ನಾನು ಒಂದು ಸಣ್ಣ ಕಥೆ ಹೇಳಿ ಹೋಗುತ್ತೇನೆ.

ಬಾನು ಮುಷ್ತಾಕ್ ನಮ್ಮ ಹಾಸನದವರೇ. 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ಆಫೀಸಲ್ಲಿ ಎಲ್ಲರೂ ಸ್ಟೇಟಸ್ ಹಾಕಿದರು, ಓದಿದವರು ಎಷ್ಟು ಅಂತ ಕೇಳಿದರೆ ಮೂರು ಕೈ ಎದ್ದವು. ದೀಪಾ ಭಾಸ್ತಿ ಇಂಗ್ಲಿಷಿಗೆ ಮಾಡಿದ ಆ ಪುಸ್ತಕದಲ್ಲಿ 12 ಕಥೆಗಳಿವೆ. ಕನ್ನಡ ಬರುವವರು ಕನ್ನಡದಲ್ಲೇ ಓದಿ ದಯವಿಟ್ಟು. ಅದರಲ್ಲಿ ‘ಕರಿ ನಾಗರಗಳು’ ಅಂತ ಒಂದಿದೆ. ಗಿರೀಶ್ ಕಾಸರವಳ್ಳಿಯವರ ‘ಹಸೀನಾ’ ಸಿನಿಮಾ ಬಂದದ್ದು ಇದರಿಂದಲೇ. ಗಂಡ ಕೈಬಿಟ್ಟ ಹೆಂಗಸು, ಕಾಯಿಲೆಯ ಮಗುವನ್ನು ಕಟ್ಟಿಕೊಂಡು ನ್ಯಾಯ ಕೇಳಲು ಮಸೀದಿಗೆ ಬಂದು ಕೂತಿದ್ದಾಳೆ. ನ್ಯಾಯ ಹೇಳಬೇಕಾದ ಮುತವಲ್ಲಿ ಬರಬೇಕು. ಅವಳು ಕಾಯುತ್ತಾಳೆ. ಏನಾಗುತ್ತದೆ ಅಂತ ನಮಗೆ ಎರಡನೇ ಪುಟಕ್ಕೇ ಗೊತ್ತು. ಗೊತ್ತಿದ್ದೂ, ಆ ಮುತವಲ್ಲಿ ಈಗ ಬರಲಿ, ಈಗಲಾದರೂ ಬರಲಿ ಅಂತ ಓದುತ್ತೇವೆ.

ನಾನು ಓದಿದ್ದು ಜುಲೈನಲ್ಲಿ, ಮಳೆಗೆ ಕರೆಂಟ್ ಹೋಗಿ ಎರಡು ದಿನ ಆಗಿತ್ತು. ಮೇಣದಬತ್ತಿ ಮುಗಿಯುತ್ತಾ ಬಂದಿತ್ತು, ಮಗು ಪಕ್ಕದಲ್ಲಿ ಮಲಗಿತ್ತು, ಸ್ವಲ್ಪ ಜ್ವರ ಬೇರೆ. ಓದುತ್ತಾ ಒಂದು ಕೈ ಅವನ ಹಣೆ ಮೇಲೆ ಇಟ್ಟುಕೊಂಡೇ ಇದ್ದೆ. ಪುಸ್ತಕ ಮುಗಿದಮೇಲೂ ಕೈ ತೆಗೆಯಲಿಲ್ಲ.

ಬಸ್ಸಿನಲ್ಲಿ ಓದುವವಳು, ಹಾಸನ

ಇಷ್ಟೊಂದು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್.

ಲೆಕ್ಕ ಒಪ್ಪಿಸುತ್ತೇನೆ. ‘ಜುಗಾರಿ ಕ್ರಾಸ್’ ತಂದಿದ್ದೇನೆ. ಭಾನುವಾರ ಹಾಸನದಿಂದ ಸುಬ್ರಹ್ಮಣ್ಯ ರೋಡ್‌ಗೆ ರೈಲಲ್ಲಿ ಹೋಗುವುದಿದೆ, ಸಕಲೇಶಪುರ ದಾಟಿದಮೇಲೆ 57 ಸುರಂಗ ಸಿಗುತ್ತವಂತಲ್ಲ, ಆ ಪುಸ್ತಕಕ್ಕೆ ಅದಕ್ಕಿಂತ ಒಳ್ಳೆ ಜಾಗ ಬೇಕಾ. ಸುರಂಗದೊಳಗೆ ಓದಲಾಗುವುದಿಲ್ಲ ಅಂತ ಅಪ್ಪ ಹೇಳುತ್ತಿದ್ದಾರೆ. ಹಾಗಾದರೆ ಸುರಂಗದಿಂದ ಸುರಂಗಕ್ಕೆ ಒಂದೊಂದು ಪುಟ. ರಾತ್ರಿಪಾಳಿ ತಮ್ಮ, ನಿನ್ನ ಮಾತು ಪೂರ್ತಿ ಒಪ್ಪಲಿಲ್ಲ, ಆದರೆ ಕ್ರಿಸ್ಟಿಯ ಆ ಪುಸ್ತಕವನ್ನು ಎರಡನೇ ಸಲ ಓದುತ್ತೇನೆ. ಮೊದಲ ಸಲ ಓದಿದಾಗ ನನಗೆ ಹದಿನಾರು, ನಾನು ಮೋಸ ಅನ್ನುವ ಪಕ್ಷ. ಸಕಲೇಶಪುರದ ಅಕ್ಕ, ನೀವು ಹೇಳಿದ ಕಥೆ ನಿನ್ನೆ ಓದಿದೆ. ಅದರ ಬಗ್ಗೆ ಇಲ್ಲಿ ಬರೆಯಲು ಆಗುತ್ತಿಲ್ಲ.

ಇನ್ನು ನನ್ನ 80 ರೂಪಾಯಿ ಪುಸ್ತಕ ಇವತ್ತು ಬೆಳಿಗ್ಗೆ ಮುಗಿಯಿತು. ಪೆನ್ಸಿಲ್ ಸುಳ್ಳು! ಅವನು ಅಲ್ಲವೇ ಅಲ್ಲ. ಪಾಪ, ಇಡೀ ಕಥೆಯಲ್ಲಿ ಸುಮಾರಾಗಿ ಒಳ್ಳೆಯವನು ಅಂದರೆ ಅವನೊಬ್ಬನೇ. ಅವನು ಟೀ ಕೊಟ್ಟದ್ದು ಬರೀ ಟೀ, ಬಾಗಿಲು ಹಾಕಿದ್ದು ಚಳಿಗೆ. ಅಷ್ಟು ದಿನ ನಾನು ಹೆದರಿದ್ದು ಏನೂ ಮಾಡದವನಿಗೆ. ಕೊನೆಯ ಪುಟ ತಿರುಗಿಸಿದರೆ ಖಾಲಿ ಹಾಳೆಯ ಕೆಳಮೂಲೆಯಲ್ಲಿ ಅದೇ ದಪ್ಪ ಅಕ್ಷರದಲ್ಲಿ ಇನ್ನೊಂದು ಪದ ಇದೆ: ‘ಹೆಂಗೆ?’

ಮೇಷ್ಟ್ರೇ, ತಪ್ಪು ತಿಳಿಯಬೇಡಿ. ಇದು ನೀವಲ್ಲ ತಾನೇ?

ಹಳೇ ಮೇಷ್ಟ್ರು, ಅರಸೀಕೆರೆ

ನಾನಲ್ಲಮ್ಮ. ನಾನು ಬಿಟ್ಟು ನಲವತ್ತು ವರ್ಷ ಆಯಿತು. ಆದರೆ ಆ ಹಾಸ್ಟೆಲ್ ಗೆಳೆಯ ರಿಟೈರ್ ಆಗಿ ಹಾಸನದಲ್ಲೇ ಮನೆ ಮಾಡಿದ್ದಾನೆ, ಓದಿದ ಪುಸ್ತಕವನ್ನೆಲ್ಲ ಮಾರುತ್ತಾನೆ. ಆ ‘ಇವನೇ’ಯಲ್ಲಿ ವ ಅಕ್ಷರದ ಹೊಟ್ಟೆ ದಪ್ಪಗಿದೆಯಾ, ‘ನೇ’ ದೀರ್ಘ ಮೇಲಿನ ಸಾಲಿಗೆ ತಾಗುವಷ್ಟು ಉದ್ದ ಇದೆಯಾ? ಒಂದು ಫೋಟೋ ತೆಗೆದು ಹಾಕು, ನೋಡಿ ಹೇಳುತ್ತೇನೆ.